ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿದ ಮೇಲೂ ಫ್ಯಾನ್ ಹತ್ತಿರ ನೀರು ತೊಟ್ಟಿಕ್ಕುತ್ತಿದೆ. ಮೂಲ ಹುಡುಕುವುದು ಹೇಗೆ?

ಗೋಪಾಳದ ಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗದ ಗೋಪಾಳದಲ್ಲಿ ಒಂದೇ ಅಂತಸ್ತಿನ ಆರ್‌ಸಿಸಿ ಮನೆ. ಮುಂದೆ ಯಾವಾಗಲಾದರೂ ಮೇಲೆ ಕಟ್ಟಬಹುದು ಅಂತ ಪಿಲ್ಲರ್ ಕಂಬಿಗಳನ್ನು ತಾರಸಿಯಲ್ಲಿ ಹಾಗೇ ಬಿಟ್ಟಿದ್ದೇವೆ. ಟ್ಯಾಂಕ್, ನೀರು ಕಾಯಿಸುವ ಸೋಲಾರ್ ಎರಡೂ ಮೇಲೇ ಇವೆ.

ಹಾಲ್ ಮಧ್ಯದ ಫ್ಯಾನಿನ ಮೇಲಿನ ಬಟ್ಟಲಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತದೆ. ಸುತ್ತ ಸೀಲಿಂಗ್‌ನಲ್ಲಿ ಚಹಾ ಬಣ್ಣದ ಉಂಗುರಗಳು, ಒಂದರ ಹೊರಗೆ ಇನ್ನೊಂದು. ಕಳೆದ ಮಳೆಗಾಲದಲ್ಲೂ ಹೀಗೇ ಆಗಿತ್ತು. ಬೇಸಿಗೆಯಲ್ಲಿ ಒಬ್ಬ ಗುತ್ತಿಗೆದಾರರಿಂದ ತಾರಸಿಗೆ ಪೂರ್ತಿ ವಾಟರ್‌ಪ್ರೂಫಿಂಗ್ ಮಾಡಿಸಿದೆವು. ಸಣ್ಣ ದುಡ್ಡೇನಲ್ಲ. ಪುನರ್ವಸು ಹಿಡಿದದ್ದೇ ತಡ, ಮತ್ತೆ ಶುರು. ಅವರನ್ನು ಕರೆಸಿದರೆ ತಲೆ ಎತ್ತಿ ಒಂದು ಸಲ ನೋಡಿ, "ಇನ್ನೊಂದು ಕೋಟ್ ಹೊಡೆದುಬಿಡೋಣ" ಅಂದರು.

ನಮ್ಮ ಯಜಮಾನರು ಟ್ಯಾಂಕ್ ಅನ್ನುತ್ತಾರೆ. ಅತ್ತೆ ಸೋಲಾರ್ ಅನ್ನುತ್ತಾರೆ. ಪಕ್ಕದ ಮನೆಯವರು ಪಿಲ್ಲರ್ ಕಂಬಿ ಅನ್ನುತ್ತಾರೆ. ಏನನ್ನಾದರೂ ಒಡೆಸುವ ಮುಂಚೆ ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗಬೇಕು. ತಿಳಿದವರು ಹೇಳಿ.

ಬಣ್ಣದಂಗಡಿ ಸಾಗರ

ಒಳಗಿನಿಂದ ಡ್ಯಾಂಪ್ ಪ್ರೂಫ್ ಪೇಂಟ್ ಹೊಡೆಸಿ ಮೇಡಂ. ಮೊದಲು ಪುಟ್ಟಿ ಕೆರೆಸಿ, ಪ್ರೈಮರ್ ಕೊಟ್ಟು, ಎರಡು ಕೋಟ್. ಕಲೆ ಕಾಣುವುದಿಲ್ಲ.

ನಿವೃತ್ತ ಸೂಪರ್‌ವೈಸರ್

ಕಲೆ ಕಾಣುವುದಿಲ್ಲ, ನಿಜ. ನೀರು ಇರುತ್ತದೆ ಅಲ್ವಾ? ಒಳಗಿನಿಂದ ಮುಚ್ಚಿದರೆ ನೀರು ಸ್ಲ್ಯಾಬಿನಲ್ಲೇ ಉಳಿದು ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಕೆಳಗಿನ ಕಾಂಕ್ರೀಟನ್ನು ಸಿಪ್ಪೆ ಎಬ್ಬಿಸಿದ ಹಾಗೆ ಉದುರಿಸುತ್ತದೆ. ಸದ್ಯಕ್ಕೆ ಪೇಂಟ್ ವಿಷಯ ಬಿಡಿ.

ಮೇಡಂ, ಹೆಚ್ಚಿನವರು "ಏನು ಹಚ್ಚಬೇಕು" ಅಂತ ಕೇಳುತ್ತಾರೆ. ನೀವು "ಎಲ್ಲಿಂದ" ಅಂತ ಕೇಳಿದ್ದೀರಿ, ಒಳ್ಳೆಯದಾಯಿತು. ಆದರೆ ಅದಕ್ಕೂ ಮುಂಚೆ "ಯಾವಾಗ" ಅನ್ನುವುದು ಗೊತ್ತಾಗಬೇಕು. ಮಳೆ ಶುರುವಾಗಿ ಎಷ್ಟು ಹೊತ್ತಿಗೆ ಮೊದಲ ಹನಿ ಬೀಳುತ್ತದೆ? ಮಳೆ ನಿಂತ ಮೇಲೆ ಎಷ್ಟು ಹೊತ್ತು ಬೀಳುತ್ತದೆ? ದಿನವಿಡೀ ಸೋನೆ ಹಿಡಿದಾಗಲೂ ಬರುತ್ತದಾ, ಇಲ್ಲ ಜೋರು ಮಳೆಗೆ ಮಾತ್ರವಾ? ಹೊಳವಾದ ದಿನ ಟ್ಯಾಂಕಿಗೆ ಮೋಟರ್ ಹಾಕಿದಾಗ ಏನಾಗುತ್ತದೆ? ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಗಡಿಯಾರ ನೋಡಿ ಬರೆದಿಡಿ.

ಒಂದು ಅಂದಾಜು ಹೇಳುತ್ತೇನೆ. ಮಳೆಗೂ ಬಿಸಿಲಿಗೂ ಒಂದೇ ಸಮ ತೊಟ್ಟಿಕ್ಕುತ್ತಿದ್ದರೆ ಟ್ಯಾಂಕ್ ಅಥವಾ ಒತ್ತಡವಿರುವ ಪೈಪ್. ಯಾರೋ ಸ್ನಾನ ಮಾಡಿದಾಗ ಮಾತ್ರ ಬಂದರೆ ವೇಸ್ಟ್ ಲೈನ್. ಮಳೆಗೆ ಮಾತ್ರ ಬಂದರೆ ತಾರಸಿ. ಒಂದೇ ಸಲಕ್ಕೆ ತೀರ್ಮಾನ ಮಾಡಬೇಡಿ, ಕೆಲವು ಮಳೆ ನೋಡಿ.

ವೈರಿಂಗ್ ಭದ್ರಾವತಿ

ಅಕ್ಕ, ಎಲ್ಲಕ್ಕಿಂತ ಮೊದಲು ಮೇನ್ ಬೋರ್ಡಿನಲ್ಲಿ ಆ ಫ್ಯಾನಿನ ಲೈನಿನ ಎಂಸಿಬಿ (ಆ ಲೈನಿಗೆ ಕರೆಂಟ್ ಕಡಿಯುವ ಬ್ರೇಕರ್) ಇಳಿಸಿ. ಫ್ಯಾನ್ ಬಾಕ್ಸ್‌ನಿಂದ ನೀರು ಬರುತ್ತಿದೆ ಅಂದರೆ ವೈರಿನ ಜಾಯಿಂಟ್ ಒದ್ದೆ ಇದೆ ಅಂತಲೇ ಅರ್ಥ. ಸ್ವಿಚ್ ಆಫ್ ಮಾಡಿದರೆ ಸಾಕಾಗುವುದಿಲ್ಲ. ನ್ಯೂಟ್ರಲ್, ಫೇಸ್ ಅದಲು ಬದಲಾಗಿರುವ ಮನೆಗಳು ಬೇಕಾದಷ್ಟಿವೆ, ಅಲ್ಲಿ ಸ್ವಿಚ್ ಆಫ್ ಇದ್ದರೂ ವೈರಿನಲ್ಲಿ ಕರೆಂಟ್ ಇರುತ್ತದೆ. ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಬ್ರೇಕರ್) ಇದೆಯಾ ನೋಡಿ. ಮನೆಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿಆಂಪ್‌ನದು. ಅದು ಮಳೆ ಬಂದಾಗಲೆಲ್ಲ ಬೀಳುತ್ತಿದ್ದರೆ ಬೈಪಾಸ್ ಮಾಡಿಸಬೇಡಿ. ಅದು ತನ್ನ ಕೆಲಸ ಮಾಡುತ್ತಿದೆ.

ಗೋಪಾಳದ ಮನೆ

ಇಳಿಸಿದ್ದೇವೆ. ಈಗ ಮಕ್ಕಳು ಟೇಬಲ್ ಫ್ಯಾನಿಗೆ ಜಗಳ. ಮಳೆ ಗಮನಿಸಿ ಬರೆಯುತ್ತೇನೆ ಸರ್.

ರಿಪ್ಪನ್‌ಪೇಟೆ ಸೊಸೆ

ನಡುವೆ ನನ್ನದೂ ಒಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಅಡುಗೆಮನೆ ಸೀಲಿಂಗ್ ಬೆಳಗ್ಗೆ ಬೆಳಗ್ಗೆ ಪೂರ್ತಿ ಒದ್ದೆ. ಒಂದೇ ಕಡೆ ಅಲ್ಲ, ಎಲ್ಲ ಕಡೆ ಸಣ್ಣ ಸಣ್ಣ ಹನಿ. ಮೂಲೆಗಳಲ್ಲಿ ಕಪ್ಪು ಚುಕ್ಕೆ ಬಂದಿದೆ. ಕಂದು ಕಲೆ ಇಲ್ಲ. ಮೇಲೆ ತಾರಸಿ, ಅದರ ಮೇಲೆ ತಗಡಿನ ಶೀಟ್ ಬೇರೆ ಹಾಕಿಸಿದ್ದೇವೆ. ಆದರೂ ಸೋರುತ್ತಿದೆ ಅಂದರೆ ಹೇಗೆ?

ನಿವೃತ್ತ ಸೂಪರ್‌ವೈಸರ್

ನಿಮ್ಮದು ಸೋರಿಕೆ ಇರಲಿಕ್ಕಿಲ್ಲ ತಂಗಿ. ಬೆವರು. ಅಡುಗೆಮನೆ ಪಕ್ಕದಲ್ಲೇ ಬಚ್ಚಲ ಹಂಡೆ ಇದೆಯಾ? ಮಳೆಗಾಲದಲ್ಲಿ ಬಟ್ಟೆ ಒಳಗೆ ಒಣಗಿಸುತ್ತೀರಾ?

ರಿಪ್ಪನ್‌ಪೇಟೆ ಸೊಸೆ

ಎರಡೂ ಹೌದು. ಒಲೆ ಮೇಲೆ ಹಗ್ಗ ಕಟ್ಟಿದ್ದೇವೆ. ಬೇರೆ ಎಲ್ಲಿ ಒಣಗಿಸುವುದು ಮಾರಾಯ್ರೆ, ಸೂರ್ಯನನ್ನು ನೋಡದೆ ಎಷ್ಟು ದಿನವಾಯಿತೋ.

ನಿವೃತ್ತ ಸೂಪರ್‌ವೈಸರ್

ಹಾಗಾದರೆ ಆ ಬಟ್ಟೆಯ ನೀರೇ ಸೀಲಿಂಗ್‌ಗೆ ಹೋಗುತ್ತಿದೆ. ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ. ಜೊತೆಗೆ ಹಂಡೆಯ ಹಬೆ, ಕುಕ್ಕರ್ ಹಬೆ, ಬಟ್ಟೆಯ ಹಬೆ. ರಾತ್ರಿ ಸ್ಲ್ಯಾಬ್ ತಣ್ಣಗಾದಾಗ ಎಲ್ಲ ಅಲ್ಲಿ ಹನಿ ಕಟ್ಟುತ್ತದೆ.

ಅನುಮಾನ ಇದ್ದರೆ ಹೀಗೆ ಮಾಡಿ. ಸೀಲಿಂಗ್‌ನ ಒಂದು ಜಾಗ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ. ಒಂದು ದಿನ ಬಿಡಿ. ಹನಿ ನಿಮ್ಮ ಕಡೆ ಕೂತಿದ್ದರೆ ಅದು ಕೋಣೆಯ ಹಬೆ. ಪ್ಲಾಸ್ಟಿಕ್ ಹಿಂದೆ, ಸ್ಲ್ಯಾಬಿನ ಕಡೆ ಕೂತಿದ್ದರೆ ಮೇಲಿನಿಂದ ನೀರು ಇಳಿಯುತ್ತಿದೆ. ಇದಕ್ಕೆ ಮೇಸ್ತ್ರಿಯೂ ಬೇಡ, ದುಡ್ಡೂ ಬೇಡ.

ವಿನೋಬನಗರ ಎರಡನೇ ಮಹಡಿ

ನಮ್ಮ ಕಥೆ ಬೇರೆ. ಅಪಾರ್ಟ್‌ಮೆಂಟ್. ಬಚ್ಚಲ ಸೀಲಿಂಗ್‌ನಲ್ಲಿ ಪಸೆ. ಮೇಲಿನ ಮನೆಯವರನ್ನು ಕೇಳಿದರೆ "ನಮ್ಮದೇನಲ್ಲ" ಅಂತ ಬಾಗಿಲಲ್ಲೇ ಮುಗಿಸುತ್ತಾರೆ.

ನಿವೃತ್ತ ಸೂಪರ್‌ವೈಸರ್

ಜಗಳಕ್ಕೆ ಹೋಗಬೇಡಿ, ಪರೀಕ್ಷೆಗೆ ಒಪ್ಪಿಸಿ. ಅವರ ಬಚ್ಚಲಿನ ನೆಲದ ಜಾಲಿಗೆ ಒದ್ದೆ ಬಟ್ಟೆ ತುರುಕಿ, ಒಂದು ಇಂಚು ನೀರು ನಿಲ್ಲಿಸಿ, ಒಂದೆರಡು ದಿನ ಬಿಡಬೇಕು. ಆಗ ನಿಮಗೆ ಪಸೆ ಜಾಸ್ತಿಯಾದರೆ ಟೈಲ್ಸ್ ಸಂದು, ಇಲ್ಲ ಜಾಲಿಯ ಸುತ್ತಲಿನ ಗಾರೆ. ಏನೂ ಬದಲಾಗದೆ ಅವರು ನಲ್ಲಿ ಬಿಟ್ಟಾಗ, ಫ್ಲಶ್ ಮಾಡಿದಾಗ ಮಾತ್ರ ಬಂದರೆ ಪೈಪ್ ಜಾಯಿಂಟ್. ಬಚ್ಚಲಿನ ಸ್ಲ್ಯಾಬನ್ನು ತಗ್ಗಿಸಿ ಕಟ್ಟಿ ಆ ಗುಂಡಿಗೆ ಇಟ್ಟಿಗೆ ಚೂರು ತುಂಬಿಸಿರುತ್ತಾರೆ. ಆ ಗುಂಡಿ ಒಮ್ಮೆ ತುಂಬಿಕೊಂಡರೆ ಅವರು ವಾರಗಟ್ಟಲೆ ಊರಿನಲ್ಲಿ ಇಲ್ಲದಿದ್ದರೂ ನಿಮಗೆ ಪಸೆ ಬರುತ್ತಲೇ ಇರುತ್ತದೆ. "ನಾವು ಊರಲ್ಲೇ ಇರಲಿಲ್ಲ" ಅಂತ ಅವರು ಹೇಳುವುದು ಸುಳ್ಳಲ್ಲದೇ ಇರಬಹುದು.

ಬಾಕಿ ವಿವರ ಇಲ್ಲಿ ಬೇಡ, ಗೋಪಾಳದವರ ಪ್ರಶ್ನೆ ದಾರಿ ತಪ್ಪುತ್ತದೆ.

ಗೋಪಾಳದ ಮನೆ

ಸರ್, ಬರೆದಿಟ್ಟುಕೊಂಡೆ. ಆಶ್ಚರ್ಯ ಅಂದರೆ ಬೆಳಗಿನಿಂದ ರಾತ್ರಿವರೆಗೆ ಸೋನೆ ಹಿಡಿದ ದಿನ ಒಂದು ಹನಿಯೂ ಇಲ್ಲ! ಸಂಜೆ ಧೋ ಅಂತ ಹೊಡೆದ ದಿನ ಅರ್ಧ ಗಂಟೆಯೊಳಗೆ ಟಪ್ ಟಪ್ ಶುರು. ಮಳೆ ನಿಂತ ಮೇಲೆ ಜಾಸ್ತಿ ಹೊತ್ತು ಬರುವುದಿಲ್ಲ. ಮಾರನೇ ದಿನಕ್ಕೆ ಒಣಗಿರುತ್ತದೆ.

ಟ್ಯಾಂಕನ್ನೂ ನೋಡಿದೆವು. ರಾತ್ರಿ ತುಂಬಿಸಿ, ಹೊರಗೆ ಹೋಗುವ ವಾಲ್ವ್‌ಗಳನ್ನೆಲ್ಲ ಮುಚ್ಚಿ, ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿದೆವು. ಬೆಳಗ್ಗೆಯೂ ಅಲ್ಲೇ ಇತ್ತು. ಸೋಲಾರ್‌ಗೆ ಹೋಗುವ ಪೈಪ್ ಸುತ್ತ ಒಣಗಿದೆ. ತೊಟ್ಟಿಕ್ಕುವ ನೀರೂ ತಣ್ಣಗೇ ಇದೆ.

ನಿವೃತ್ತ ಸೂಪರ್‌ವೈಸರ್

ನೀವು ಕೊಟ್ಟ ಈ ಲೆಕ್ಕದಲ್ಲೇ ಮುಕ್ಕಾಲು ಉತ್ತರ ಇದೆ.

ಕಾಂಕ್ರೀಟ್ ಒಳಗಿಂದ ನೀರು ಒಸರಿ ಬರುವುದು ನಿಧಾನ. ತಾರಸಿಯ ಗಾರೆ ನೆನೆಯಬೇಕು, ಸ್ಲ್ಯಾಬ್ ನೆನೆಯಬೇಕು, ಆಮೇಲೆ ಕೆಳಗೆ ಪಸೆ. ಹಾಗೇ ನಿಲ್ಲುವುದೂ ನಿಧಾನ. ಮಳೆ ಬಿಟ್ಟು ಎರಡು ದಿನವಾದರೂ ಹನಿಯುತ್ತಿರುತ್ತದೆ. ಸೀಲಿಂಗ್‌ನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಸಿಮೆಂಟಿನ ಸುಣ್ಣವನ್ನು ನೀರು ಕರಗಿಸಿ ತಂದು ಗಾಳಿ ತಾಕಿದಲ್ಲಿ ಬಿಟ್ಟು ಹೋಗುತ್ತದೆ. ನಿಮ್ಮಲ್ಲಿ ಬಿಳಿ ಪುಡಿ ಇದೆ ಅಂತ ನೀವು ಹೇಳಿಲ್ಲ. ನೀರು ಬೇಗ ಬಂತು, ಬೇಗ ನಿಂತಿತು. ಅಂದರೆ ಎಲ್ಲೋ ತೆರೆದ ದಾರಿ ಇದೆ.

ಇನ್ನೊಂದು. ಸೋನೆಗೆ ಬರುವುದಿಲ್ಲ, ಜೋರು ಮಳೆಗೆ ಬರುತ್ತದೆ. ಆ ದಾರಿಯ ಬಾಯಿ ನೆಲಮಟ್ಟದಲ್ಲಿಲ್ಲ, ಸ್ವಲ್ಪ ಎತ್ತರದಲ್ಲಿದೆ. ತಾರಸಿಯಲ್ಲಿ ನೀರು ನಿಂತು ಆ ಎತ್ತರ ಮುಟ್ಟಿದಾಗ ಮಾತ್ರ ಒಳಗೆ ಇಳಿಯುತ್ತದೆ. ಹಾಗಾದರೆ ನಿಮ್ಮ ತಾರಸಿಯಲ್ಲಿ ನೀರು ಯಾಕೆ ನಿಲ್ಲುತ್ತಿದೆ? ಮುಂದಿನ ಜೋರು ಮಳೆ ಮುಗಿದ ಕೂಡಲೇ ಮೇಲೆ ಹೋಗಿ ನೋಡಿ. ಗುಡುಗು ಸಿಡಿಲು ಇದ್ದಾಗ ಹೋಗಬೇಡಿ.

ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು. 1000 ಚದರಡಿ ತಾರಸಿ ಸುಮಾರು 93 ಚದರ ಮೀಟರ್. 100 ಮಿ.ಮೀ. ಮಳೆಗೆ 9,000 ಲೀಟರ್‌ಗೂ ಜಾಸ್ತಿ. ಅಷ್ಟೂ ಒಂದೋ ಎರಡೋ ಪೈಪಿನಲ್ಲಿ ಇಳಿಯಬೇಕು.

ತೀರ್ಥಹಳ್ಳಿ ತೋಟದವ

ನೂರು ಮಿಲಿಮೀಟರ್ ಅಂದರೆ ನಮ್ಮ ಕಡೆ ಮಾಮೂಲಿ ದಿನ ಸರ್! ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೇಲೆ. ಶಿವಮೊಗ್ಗ ಪೇಟೆಗೆ ಅದರ ಕಾಲುಭಾಗವೂ ಇಲ್ಲ, ಆದರೂ ಸೋರುವ ಮನೆ ಪೇಟೆಯಲ್ಲೇ ಜಾಸ್ತಿ. ನಮ್ಮ ಹಿರಿಯರು ಹಂಚಿಗೆ ಇಳಿಜಾರು ಕೊಟ್ಟು, ಸೂರಿಗೆ ಅಡಿಕೆ ದಬ್ಬೆ ಕಟ್ಟಿ ನೀರನ್ನು ಅಂಗಳ ದಾಟಿಸುತ್ತಿದ್ದರು. ನಿಲ್ಲಲು ಬಿಡುತ್ತಲೇ ಇರಲಿಲ್ಲ. ಈಗ ಎಲ್ಲರಿಗೂ ಚಪ್ಪಟೆ ತಾರಸಿ ಬೇಕು, ಸೋರಿದ ಮೇಲೆ ಅದರ ಮೇಲೆ ಶೀಟ್ ಬೇಕು.

ಮೇಡಂ, ನಿಮ್ಮದು ನೂರಕ್ಕೆ ನೂರು ಪಿಲ್ಲರ್ ಕಂಬಿ. ನನ್ನ ಭಾವನ ಮನೆಯಲ್ಲಿ ಹಾಗೇ ಆಗಿತ್ತು. ಕಂಬಿ ಹಿಡಿದುಕೊಂಡು ನೀರು ಇಳಿಯುತ್ತದೆ.

ವೈರಿಂಗ್ ಭದ್ರಾವತಿ

ಪಿಲ್ಲರ್ ಇರುವುದು ಗೋಡೆ ಮೂಲೆಯಲ್ಲಿ. ಫ್ಯಾನ್ ಇರುವುದು ಹಾಲ್ ಮಧ್ಯದಲ್ಲಿ. ಕಂಬಿಯಲ್ಲಿ ಇಳಿದ ನೀರು ಗೋಡೆಯಲ್ಲಿ ಕಾಣಬೇಕಲ್ವಾ ಅಣ್ಣ?

ತೀರ್ಥಹಳ್ಳಿ ತೋಟದವ

ನೀರಿಗೆ ಯಾವ ದಾರಿ ಬೇಕಾದರೂ ಆಗುತ್ತದೆ ತಮ್ಮ.

ಗೋಪಾಳದ ಮನೆ

ನಿನ್ನೆ ಜೋರು ಮಳೆ ಬಂತು. ನಿಂತ ತಕ್ಷಣ ಹೋಗಿ ನೋಡಿದೆವು. ನೀರು ಹೋಗುವ ಬಾಯಿಯ ಜಾಲಿ ಕಾಣುತ್ತಲೇ ಇಲ್ಲ. ಪಕ್ಕದ ಗುಲ್‌ಮೊಹರ್ ಮರದ ಸಣ್ಣ ಎಲೆಗಳು ಅಂಟಿಕೊಂಡು ಕಂಬಳಿ ಹೊದಿಸಿದ ಹಾಗಿದೆ. ಕೈ ಹಾಕಿ ಕಿತ್ತರೆ ಗೊಳ್ ಅಂತ ಸದ್ದು ಮಾಡಿ ನೀರು ಇಳಿಯಿತು. ಅದಕ್ಕೆ ಮುಂಚೆ ಸೋಲಾರ್ ಸ್ಟ್ಯಾಂಡ್ ಕಡೆ ಎರಡು ಇಂಚಿಗಿಂತ ಮೇಲೇ ನಿಂತಿತ್ತು. ಆ ನೀರಿನಲ್ಲಿ ಇರುವುದು: ಸ್ಟ್ಯಾಂಡಿನ ಕಾಲುಗಳು, ಒಂದು ಪಿಲ್ಲರ್ ಕಂಬಿ ಗೊಂಚಲು, ಪ್ಯಾರಾಪೆಟ್ ಮೂಲೆ.

ಇನ್ನು ಜಾಲಿ ಶುಚಿ ಮಾಡಿಟ್ಟರೆ ಸಾಕಲ್ಲವೇ?

ನಿವೃತ್ತ ಸೂಪರ್‌ವೈಸರ್

ಸಾಕಾಗುವುದಿಲ್ಲ. ನೀರು ನಿಂತದ್ದು ಒಂದು ತಪ್ಪು, ಒಳಗೆ ಇಳಿದದ್ದು ಇನ್ನೊಂದು. ನೀವು ಊರಿಗೆ ಹೋದಾಗ ಮತ್ತೆ ಎಲೆ ಬೀಳುತ್ತದೆ.

ಈಗ ಜಾಗ ಚಿಕ್ಕದಾಯಿತು. ಹೊಳವಾದ ದಿನ ಕೆಲಸ ಮಾಡಿ. ಜೇಡಿಮಣ್ಣು ಕಲಸಿ ಕಂಬಿ ಸುತ್ತ ಗೇಣುದ್ದದ ಕಟ್ಟೆ ಕಟ್ಟಿ, ಒಳಗೆ ನೀರು ತುಂಬಿಸಿ. ಕೆಳಗೆ ಒಬ್ಬರು ಫ್ಯಾನ್ ನೋಡುತ್ತಾ ಕೂರಬೇಕು. ನಿಮ್ಮ ಮಳೆ ಲೆಕ್ಕದ ಪ್ರಕಾರ ಅರ್ಧ ಗಂಟೆಯೊಳಗೆ ಬರಬೇಕು, ಆದರೂ ಸಂಜೆವರೆಗೆ ಕಾಯಿರಿ. ಬರದಿದ್ದರೆ ಆ ಕಟ್ಟೆ ಒಡೆದು, ಅಷ್ಟು ಜಾಗ ಒರೆಸಿ, ಮುಂದಿನದಕ್ಕೆ ಹೋಗಿ. ಎರಡು ಜಾಗಕ್ಕೆ ಒಟ್ಟಿಗೆ ನೀರು ಹಾಕಬೇಡಿ, ಯಾವುದು ಅಂತ ಗೊತ್ತಾಗದೆ ಹೋಗುತ್ತದೆ. ನೀರಿಗೆ ಬೇಕರಿಗೆ ಬಳಸುವ ಕೆಂಪು ಬಣ್ಣ ಸ್ವಲ್ಪ ಹಾಕಿ. ಹೋಳಿ ಬಣ್ಣ ಬೇಡ, ಸೀಲಿಂಗ್‌ಗೆ ಹಿಡಿದರೆ ಬಿಡುವುದಿಲ್ಲ. ಹೋಸ್ ಪೈಪ್ ಹಿಡಿದು ತಾರಸಿಗೆಲ್ಲ ಸುರಿಯುವುದು ಪರೀಕ್ಷೆ ಅಲ್ಲ, ಅದು ಇನ್ನೊಂದು ಮಳೆ.

ವೈರಿಂಗ್ ಭದ್ರಾವತಿ

ಅಕ್ಕ, ನನ್ನದೊಂದು ಅನುಮಾನ. ಮೇಲೆ ಮನೆ ಕಟ್ಟುವಾಗ ಬೇಕಾಗುತ್ತದೆ ಅಂತ ಕಂಬಿ ಬಿಟ್ಟವರು ಕರೆಂಟ್ ಪೈಪನ್ನೂ ಬಿಟ್ಟಿರುತ್ತಾರೆ. ಸ್ಲ್ಯಾಬ್ ಹಾಕುವ ದಿನ ಫ್ಯಾನ್ ಬಾಕ್ಸ್‌ನಿಂದ ಪಿವಿಸಿ ಪೈಪ್ ಎಳೆದು, ಒಂದು ತುದಿಯನ್ನು ತಾರಸಿಯಲ್ಲಿ ಎಬ್ಬಿಸಿ ಬಿಡುತ್ತೇವೆ. ಪೈಪ್ ಕಾಂಕ್ರೀಟಿನೊಳಗೆ ಹೋಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನೀರು ಅದರೊಳಗೆ ಬಿದ್ದರೆ ಹತ್ತು ಹದಿನೈದು ಅಡಿ ಆಚೆ ಬಾಕ್ಸ್‌ನಲ್ಲಿ ಬಂದು ಇಳಿಯುತ್ತದೆ. ಬಿರುಕು ಫ್ಯಾನಿನ ನೇರ ಮೇಲೆ ಇದೆ ಅಂದುಕೊಂಡು ಜನ ಅಲ್ಲೇ ಒಡೆಸುತ್ತಾರೆ. ಪ್ಯಾರಾಪೆಟ್ ಮೂಲೆಯಲ್ಲಿ, ಸೋಲಾರ್ ಹಿಂದೆ ಕೈ ಹಾಕಿ ನೋಡಿ. ಟಿವಿ ಡಿಶ್ ಕೇಬಲ್ ಎಲ್ಲಿಂದ ಒಳಗೆ ಹೋಗಿದೆ ಅಂತಲೂ ನೋಡಿ.

ಗೋಪಾಳದ ಮನೆ

ಅಣ್ಣ, ಸಿಕ್ಕಿತು!

ಮೊದಲು ಕಂಬಿಗೆ ಕಟ್ಟೆ ಕಟ್ಟಿ ಸಂಜೆವರೆಗೆ ಕಾದೆವು, ಏನೂ ಇಲ್ಲ. ಸೋಲಾರ್ ಕಾಲುಗಳಿಗೆ ಹಾಕಿದೆವು, ಅದೂ ಇಲ್ಲ. ಆಮೇಲೆ ನೀವು ಹೇಳಿದ ಮೂಲೆ ನೋಡಿದೆವು. ಸ್ಟ್ಯಾಂಡಿನ ಹಿಂದೆ ಗೋಡೆಗೆ ಒತ್ತಿಕೊಂಡ ಹಾಗೆ ಬಿಳಿ ಪೈಪಿನ ತುಂಡು. ಯಾವಾಗಲೋ ಕಾಲು ತಾಗಿ ಮುರಿದಿರಬೇಕು, ನೆಲದಿಂದ ಎರಡು ಬೆರಳು ಎತ್ತರ ಮಾತ್ರ ಉಳಿದಿದೆ. ಬಾಯಿಗೆ ಪೇಪರ್ ತುರುಕಿದ್ದಾರೆ, ಅದು ಕೊಳೆತು ಮೇಲೆ ಹಾವಸೆ ಬೆಳೆದಿದೆ. ಹಾವಸೆಯ ನಡುವೆ ಡಿಶ್‌ನ ಕಪ್ಪು ಕೇಬಲ್ ಒಳಗೆ ಹೋಗಿದೆ. ವಾಟರ್‌ಪ್ರೂಫಿಂಗ್ ಕೋಟನ್ನು ಪೈಪಿನ ಬುಡದವರೆಗೆ ಚೆನ್ನಾಗಿ ಬಳಿದಿದ್ದಾರೆ. ಬಾಯಿ ಹಾಗೇ ಬಿಟ್ಟಿದ್ದಾರೆ.

ಒಂದು ಚೊಂಬು ಕೆಂಪು ನೀರು ಹುಯ್ದೆ. ಮೇಲಿನಿಂದ ಕೂಗುವಷ್ಟರಲ್ಲಿ ಕೆಳಗಿನಿಂದ ಮಗಳು "ಅಮ್ಮಾ ಕೆಂಪು ಬಂತು!" ಅಂತ ಕಿರುಚಿದಳು. ಫ್ಯಾನಿನ ಬಟ್ಟಲಿನಿಂದ ಮೊದಲು ತಿಳಿ ನೀರು, ಹಿಂದೆಯೇ ಕೆಂಪು.

ತೀರ್ಥಹಳ್ಳಿ ತೋಟದವ

ಶಭಾಷ್ ಭದ್ರಾವತಿ! ಕಂಬಿ ಅಂದಿದ್ದ ನನ್ನ ಮಾತು ವಾಪಸ್.

ವಿನೋಬನಗರ ಎರಡನೇ ಮಹಡಿ

ಹಾಗಾದರೆ ವಾಟರ್‌ಪ್ರೂಫಿಂಗ್ ದುಡ್ಡು ವಾಪಸ್ ಕೇಳಬಹುದಲ್ಲ?

ನಿವೃತ್ತ ಸೂಪರ್‌ವೈಸರ್

ಕೋಟ್ ಕೆಟ್ಟಿಲ್ಲ. ಎರಡು ಇಂಚು ನೀರು ನಿಂತರೂ ಬೇರೆಲ್ಲೂ ಸೋರಿಲ್ಲ ಅಂದರೆ ಅದು ಹಿಡಿದುಕೊಂಡಿದೆ. ಆದರೆ ಮಂಡಿಯೂರಿ ಆ ಪೈಪಿನ ಬುಡದವರೆಗೆ ಬ್ರಷ್ ಆಡಿಸಿದವರಿಗೆ ಬಾಯಿ ಕಾಣಲಿಲ್ಲ ಅಂದರೆ ನನಗೆ ನಂಬಿಕೆ ಬರುವುದಿಲ್ಲ. ಚದರಡಿ ಲೆಕ್ಕದಲ್ಲಿ ಕೆಲಸ ಹಿಡಿದರೆ ಹೀಗೇ ಆಗುತ್ತದೆ. ದುಡ್ಡು ಕೇಳುವುದು ಕಷ್ಟ. ಇನ್ನೊಂದು ಕೋಟ್‌ಗೆ ಮಾತ್ರ ಒಪ್ಪಬೇಡಿ.

ಗೋಪಾಳದ ಮನೆ

ಪೈಪಿನ ಬಾಯಿಗೆ ಸಿಮೆಂಟ್ ತುಂಬಿಸಿಬಿಡಲಾ?

ವೈರಿಂಗ್ ಭದ್ರಾವತಿ

ಬೇಡ. ಕೇಬಲ್ ಎಳೆಯಲಾಗದು, ಮುಂದೆ ಮೇಲೆ ಕಟ್ಟಿದಾಗ ಪೈಪೂ ಉಪಯೋಗಕ್ಕೆ ಬರುವುದಿಲ್ಲ. ಮುರಿದ ತುದಿಯನ್ನು ನೇರ ಕತ್ತರಿಸಿ, ಪೈಪ್ ಜೋಡಿಸುವ ಸಾಕೆಟ್ ಹಾಕಿ ಸಾಲ್ವೆಂಟ್ ಅಂಟಿನಲ್ಲಿ ಒಂದೂವರೆ ಅಡಿಯಾದರೂ ಎತ್ತರಿಸಿ. ತುದಿಗೆ ಎರಡು ಬೆಂಡ್ ಹಾಕಿ, ಬಾಯಿ ನೆಲ ನೋಡುವ ಹಾಗೆ ಬಗ್ಗಿಸಿ. ಕೇಬಲ್ ಒಳಗೆ ಹೋಗುವ ಮುಂಚೆ ಕೆಳಗೆ ಒಂದು ಜೋಲು ಬಿಡಿ. ಕೇಬಲ್ ಹಿಡಿದು ಬಂದ ನೀರು ಆ ಜೋಲಿನಲ್ಲೇ ಉದುರುತ್ತದೆ. ಆಮೇಲೆ ಬಾಯಿಯ ಸಂದಿಗೆ ಸಿಲಿಕಾನ್ ಸೀಲೆಂಟ್. ಪೈಪನ್ನು ಗೋಡೆಗೆ ಕ್ಲ್ಯಾಂಪ್ ಮಾಡಿ, ಇಲ್ಲದಿದ್ದರೆ ಮತ್ತೆ ಯಾರೋ ಕಾಲು ತಾಗಿಸುತ್ತಾರೆ.

ಕರೆಂಟ್ ವೈರ್ ಇರುವ ಪೈಪಿನಲ್ಲೇ ಡಿಶ್ ಕೇಬಲ್ ತುರುಕಿದ್ದು ಸರಿಯಲ್ಲ. ಅದಕ್ಕೆ ಬೇರೆ ದಾರಿ ಮಾಡಿಸಿ. ಫ್ಯಾನ್ ಬಾಕ್ಸ್ ಬಿಚ್ಚಿಸಿ ಜಾಯಿಂಟ್ ಹೊಸದು ಮಾಡಿಸಿ, ಫ್ಯಾನ್ ನೇತುಹಾಕಿರುವ ಕೊಕ್ಕೆಗೆ ತುಕ್ಕು ಹಿಡಿದಿದೆಯಾ ನೋಡಿ. ಪೈಪಿನೊಳಗೆ ತಗ್ಗಿದ್ದಲ್ಲಿ ನೀರು ಉಳಿದಿರುತ್ತದೆ, ಒಣಗಲು ಸಮಯ ಕೊಡಿ. ಎಲೆಕ್ಟ್ರಿಷಿಯನ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ವೈರಿನ ಇನ್ಸುಲೇಷನ್ ನೋಡಿದ ಮೇಲೇ ಎಂಸಿಬಿ ಎತ್ತಿ.

ನಿವೃತ್ತ ಸೂಪರ್‌ವೈಸರ್

ನೀರು ಹೋಗುವ ಬಾಯಿಗೆ ಚಪ್ಪಟೆ ಜಾಲಿ ಇದ್ದರೆ ತೆಗೆದು ಗುಮ್ಮಟದ ಹಾಗೆ ಉಬ್ಬಿದ ಜಾಲಿ ಹಾಕಿಸಿ. ಎಲೆ ಸುತ್ತ ನಿಂತರೂ ಮೇಲಿನಿಂದ ನೀರು ಹೋಗುತ್ತದೆ. ಪ್ಯಾರಾಪೆಟ್‌ನಲ್ಲಿ ನೆಲದಿಂದ ಒಂದೂವರೆ ಇಂಚು ಎತ್ತರಕ್ಕೆ ಇನ್ನೊಂದು ತೂತು ಕೊರೆಸಿ, ಹೊರಗೆ ಚಾಚಿದ ಪೈಪ್ ತುಂಡು ಇಡಿಸಿ. ಜಾಲಿ ಕಟ್ಟಿಕೊಂಡ ದಿನ ನೀರು ಅಲ್ಲಿಂದ ಅಂಗಳಕ್ಕೆ ಬೀಳುತ್ತದೆ, ನಿಮಗೂ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಆ ಮೂಲೆಯ ವಾಟವನ್ನೂ (ನೀರು ಹರಿಯುವ ಇಳಿಜಾರು) ನೋಡಿಸಿ, ನೂರಕ್ಕೆ ಒಂದಾದರೂ ಇರಬೇಕು. ಈಗ ಒದ್ದೆಯಲ್ಲಿ ಗಾರೆ ಕೆಲಸ ಬೇಡ.

ರಿಪ್ಪನ್‌ಪೇಟೆ ಸೊಸೆ

ಪ್ಲಾಸ್ಟಿಕ್ ಅಂಟಿಸಿ ನೋಡಿದೆ. ಹನಿ ನಮ್ಮ ಕಡೆಯೇ! ಹಿಂದೆ ಒಣ. ಹಗ್ಗವನ್ನು ಹಿತ್ತಲ ಕೊಟ್ಟಿಗೆ ಪಕ್ಕಕ್ಕೆ ಸಾಗಿಸಿದ್ದೇವೆ, ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಬರುತ್ತಿದೆ. ಮಾವನವರು ಮಾತ್ರ ತಗಡು ಹಾಕಿಸಿದವನನ್ನು ಇನ್ನೂ ಬೈಯುತ್ತಿದ್ದಾರೆ.

ಗೋಪಾಳದ ಮನೆ

ಕೊನೆಯ ಪ್ರಶ್ನೆ. ಪಿಲ್ಲರ್ ಕಂಬಿ ಈ ಸಲದ ಕಳ್ಳ ಅಲ್ಲ ಅಂತಾಯಿತು. ಆದರೆ ತುಕ್ಕು ಚೆನ್ನಾಗಿಯೇ ಹಿಡಿದಿದೆ. ಮೇಲೆ ಕಟ್ಟುವುದು ಸದ್ಯಕ್ಕಂತೂ ಇಲ್ಲ. ಹಾಗೇ ಬಿಡಬಹುದಾ?

ನಿವೃತ್ತ ಸೂಪರ್‌ವೈಸರ್

ಬಿಡಬೇಡಿ. ಮಳೆಗಾಲ ಮುಗಿದು ಒಣಗಿದ ಮೇಲೆ ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಿಸಿ, ಸಿಮೆಂಟ್ ಹಾಲು ಬಳಿಸಿ, ಸುತ್ತ ತೆಳು ಕಾಂಕ್ರೀಟ್ ಹಾಕಿಸಿ ಮುಚ್ಚಿಸಿ. ಮುಂದೆ ಬೇಕಾದಾಗ ಒಡೆಯಲು ಸುಲಭವಾಗುವ ಹಾಗೆ ಸಿಮೆಂಟ್ ಕಡಿಮೆ ಇರಲಿ. ಮೇಲ್ಭಾಗಕ್ಕೆ ಇಳಿಜಾರು ಕೊಡಿಸಿ, ಬುಡದಲ್ಲಿ ತಾರಸಿ ಸೇರುವ ಮೂಲೆಗೆ ದುಂಡಗೆ ಗಾರೆ ತುಂಬಿಸಿ. ಅಲ್ಲಿಯವರೆಗೆ ಪ್ಲಾಸ್ಟಿಕ್ ಚೀಲ ಸುತ್ತಿ ಕಟ್ಟುವುದು ಬೇಡ, ಒಳಗೆ ನೀರು ಹಿಡಿದು ತುಕ್ಕು ಇನ್ನೂ ಬೇಗ ಏರುತ್ತದೆ.